ಚಾರ್ಜರಿಗೆ ಕುಂಕುಮ ಇಡುವ ಮೊದಲು

ಹಸಿರು ದೀಪ ಕಂಡ ಕೂಡಲೇ ಖುಷಿಪಡಬೇಡ, ನೆಲಕ್ಕಿಳಿಯಬೇಕಾದ ಅರ್ಥಿಂಗ್ ತಂತಿ ಎಲ್ಲಿಗೆ ಹೋಗಿದೆ ಅಂತ ಕೇಳು ಎಂದು ನನಗೆ ಮೊದಲು ಹೇಳಿದವಳು ಮಾಜಿವಾಡಾದ ಶಾಂತಕ್ಕ. ಅವಳ ಮನೆಗೆ ನಮಗಿಂತ ಮೊದಲೇ ಎಲೆಕ್ಟ್ರಿಕ್ ಕಾರು ಬಂದಿತ್ತು.

ಡೊಂಬಿವಲಿಯ ನಮ್ಮ ಹಳೇ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಚಾರ್ಜರ್ ಕೂರಿಸಿದ ದಿನ ಅದು ಅರ್ಥಿಂಗ್ ಇಲ್ಲವೆಂದು ಕೆಂಪು ದೀಪ ಹಚ್ಚಿ ಮುಷ್ಕರ ಹೂಡಿತು. ಕಲಬುರಗಿ ಕಡೆಯ ಎಲೆಕ್ಟ್ರಿಷಿಯನ್ ಬಸಣ್ಣ ಅದರ ಹೊಟ್ಟೆ ಬಿಚ್ಚಿ ಏನೋ ಮಾಡಿದ. ದೀಪ ಹಸಿರಾಯಿತು. ನಾನು ಕಾರಿಗೆ ಪ್ಲಗ್ ಚುಚ್ಚಿದೆ. ಉಡುಪಿಯವರಾದ ನಮ್ಮತ್ತೆ ಪೂಜೆಗೆಂದು ಬರಿಗಾಲಲ್ಲಿ ಇಳಿದುಬಂದು ಕಾರಿನ ಸುತ್ತ ನೀರು ಚಿಮುಕಿಸತೊಡಗಿದರು.

ಆಗ ಶಾಂತಕ್ಕ ನೆನಪಾದಳು. "ಬಸಣ್ಣ, ಅರ್ಥಿಂಗ್ ಎಲ್ಲಿಂದ ತಂದ್ರಿ?"

"ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್ ತಂತಿಗೇ ಜೋಡ್ಸೀನ್ರಿ ಅಕ್ಕಾರ. ಮಷೀನಿಗೇನ್ ತಿಳೀತದ?"

"ಆ ನ್ಯೂಟ್ರಲ್ ಎಲ್ಲಾದ್ರೂ ಕಡಿದ್ರೆ?"

ಬಸಣ್ಣ ತಲೆ ಕೆರೆದುಕೊಂಡ. "ಕಾರಿನ ಮೈಗೆ ಕರೆಂಟ್ ಬರ್ತದ್ರಿ. ಆದ್ರ ಕಡಿದ್ರ ಮಾತ್ರ ಅಲ್ಲೇನ್ರಿ!"

ಕುಂಕುಮ ಅದ್ದಿದ ಅತ್ತೆಯ ಒದ್ದೆ ಬೆರಳು ಬಾನೆಟ್ಟಿನ ಹತ್ತಿರವೇ ಇತ್ತು. ನಾನು ಕೂಗಿಕೊಂಡೆ.

"ಅತ್ತೇ, ಮುಟ್ಬೇಡಿ! ಬಸಣ್ಣ, ಮೇನ್ ಬಂದ್ ಮಾಡ್ರಿ!"

ಅತ್ತೆ ಕೈ ಹಿಂದಕ್ಕೆಳೆದುಕೊಂಡು ನನ್ನನ್ನೇ ದಿಟ್ಟಿಸಿದರು. "ಎಂಥ ಮಾರಾಯ್ತಿ, ನಿನ್ನ ಕಾರಿಗೂ ಮಡಿಯಾ?"

ಈಗ ಕಾಂಪೌಂಡಿನ ಪಕ್ಕ ಗುಂಡಿ ತೋಡಿಸಿ ನಿಜವಾದ ಅರ್ಥಿಂಗ್ ಹಾಕಿಸಿದ್ದೇವೆ. ಅತ್ತೆ ಮೊದಲ ಕುಂಕುಮ ಆ ಗುಂಡಿಗೇ ಇಟ್ಟರು. ನಿಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಇಂಥ ಕಾರು ತಂದರೆ ಶಾಂತಕ್ಕನ ಪ್ರಶ್ನೆಯನ್ನು ಅವರಿಗೂ ದಾಟಿಸಿ. ಅವರ ಮನೆಯಲ್ಲಿ ಅತ್ತೆ ಇದ್ದರೆ ಸ್ವಲ್ಪ ಬೇಗ ದಾಟಿಸಿ.