ಕಲ್ಲಯ್ಯನ ಹತ್ತು ಸಾವಿರ ಹೆಜ್ಜೆ

ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದೇ ತಡ, ಕಿರವತ್ತಿಯ ಧಾಬಾದ ಕಲ್ಲಯ್ಯನ ಮೊಬೈಲಿಗೆ ಹೆಜ್ಜೆ ಎಣಿಸುವ ಆ್ಯಪ್ ಬಂದು ಕೂತಿತು. ಅಂದಿನಿಂದ ನಾಲ್ಕು ರೊಟ್ಟಿ ಕೇಳಿದವರಿಗೆ ಅವನು ನಾಲ್ಕು ಸಲ ಬಂದು ಒಂದೊಂದೇ ಬಡಿಸುತ್ತಾನೆ; ಉಪ್ಪಿಗೊಮ್ಮೆ, ಉಳ್ಳಾಗಡ್ಡಿಗೊಮ್ಮೆ ಬೇರೆ ಓಡುತ್ತಾನೆ. ಗುರುತಿನ ಲಾರಿ ಡ್ರೈವರುಗಳಂತೂ ಅವನ ಹೆಜ್ಜೆ ಬೆಳೆಯಲೆಂದೇ ದೂರದ ಮೂಲೆಯಲ್ಲಿ ಕೂತು, "ಕಲ್ಲಯ್ಯಾರ, ನೀರು ತರ್ರಿ" ಎಂದು ಕೂಗುತ್ತಾರೆ. ಸಂಜೆ ಮೊಬೈಲು ಗುಂಯ್ ಎಂದರೆ ಸಾಕು, ಸೌಟನ್ನು ದಾಲಿನಲ್ಲೇ ಬಿಟ್ಟು, "ಆತ್ರೀ, ಹತ್ತ ಸಾವಿರ ಆತು!" ಎಂದು ಕುಣಿಯುತ್ತ ಹಿಂದಿನ ಕೋಣೆಗೆ ಓಡುತ್ತಾನೆ. ಅಲ್ಲಿ, ಅದೇ ಕಾಯಿಲೆಗೆ ಎರಡೂ ಕಾಲು ಕಳೆದುಕೊಂಡ ತಾಯಿ ಗುರುಶಾಂತವ್ವ ಮಂಚದ ಮೇಲೆ ಸರಿದು ಜಾಗ ಮಾಡುತ್ತಾಳೆ: "ಭಾಳ ನಡದ್ವಿ ಬಿಡಪಾ ಇವತ್ತ. ಬಾ, ಕುಂದ್ರು."