ಮುಂದ ಅಂದರೆ ಯಾವ ಕಡೆ

ಅಪ್ಪನ ಹಳೆಯ ಮೋಟರ್‌ಸೈಕಲ್ ಒಯ್ಯಲು ಗಂಗಾವತಿಯ ರೈಸ್ ಮಿಲ್ಲಿನವರೊಬ್ಬರು ಭಾನುವಾರ ಬರುವವರಿದ್ದರು. ಓಡಿಸಲಿಕ್ಕಲ್ಲ, ಬಣ್ಣ ಹೊಡೆಸಿ ಆಫೀಸಿನ ಮುಂದೆ ಚಂದಕ್ಕೆ ನಿಲ್ಲಿಸಲಿಕ್ಕೆ. ಅದನ್ನು ಕೇಳಿಯೇ ನನಗೆ ಮೈ ಉರಿಯಿತು. ಲೈನ್‌ಮನ್ ಆಗಿದ್ದ ಅಪ್ಪ ಯಲಬುರ್ಗಾದ ಸುತ್ತಲಿನ ಕಂಬಗಳನ್ನೆಲ್ಲ ಆ ಗಾಡಿಯ ಮೇಲೆಯೇ ಸುತ್ತಿದವನು. ಈಗ ಮಂಡಿಯ ಆಪರೇಶನ್ ಆಗಿ ಕಿಕ್ ಹೊಡೆಯಲಾರ. ಮೇಲಾಗಿ, ಕಿಡಿ ಹಾರಿಸುವ ಪಾಯಿಂಟ್ ಹೊಸದು ಹಾಕಿಸಿದ ಮೇಲೆ ಟೈಮಿಂಗ್ ತಪ್ಪಿ ಗಾಡಿ ಚಾಲೂ ಆಗುತ್ತಿರಲಿಲ್ಲ. ಶನಿವಾರ ನಾನು ಜಗಳ ತೆಗೆದಾಗ ಅಪ್ಪ ಒಂದೇ ಮಾತು ಹೇಳಿದ.

"ಅವ್ರು ಬರೂದ್ರಾಗ ನೀನ ಟೈಮಿಂಗ್ ಕೂಡ್ಸಿ ಚಾಲೂ ಮಾಡಿದ್ರ ಗಾಡಿ ನಿಂದು. ಇಲ್ಲಂದ್ರ ಸುಮ್ನ ಕೊಡೂದು."

ತಳಕಲ್ಲಿನ ಶಾಲೆಗೆ ಟೀಚರ್ ಆಗಿ ಸೇರಿದಾಗಿನಿಂದ ಬಸ್ಸಿನ ಹಿಂದೆ ಓಡಿ ಓಡಿ ಸಾಕಾಗಿತ್ತು. ನಾನೋ ಒಂದು ಕಡೆ ನಿಂತು ಗೊತ್ತಿಲ್ಲದವಳು. ಆ ಗಾಡಿ ನನಗೆ ಬೇಕೇ ಬೇಕಿತ್ತು.

ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಬಂದು ಮುಟ್ಟುವ ತುಸು ಮೊದಲು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆ ಗಳಿಗೆಯನ್ನು ಹೊಂದಿಸುವುದೇ ಟೈಮಿಂಗ್. ಪಾಯಿಂಟ್ ಕೂತಿರುವ ದುಂಡು ಪ್ಲೇಟಿನ ಎರಡು ಸ್ಕ್ರೂ ಸಡಿಲಿಸಿ ಅತ್ತಿತ್ತ ತಿರುಗಿಸಬೇಕು, ಅಷ್ಟೇ. ಅಪ್ಪ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ.

"ಕಿಡಿ ತಡಾ ಆಗಾಕತ್ತೈತಿ. ಒಂದು ಕೂದಲೆಳಿಯಷ್ಟು ಮುಂದ ಮಾಡು."

ಎಂಜಿನ್ ತಿರುಗುವ ಕಡೆಗೇ ಪ್ಲೇಟು ತಿರುಗಿಸಿ ಕಿಕ್ ಹೊಡೆದೆ. ಸೈಲೆನ್ಸರ್ ಢಬ್ ಎಂದಿತು.

"ಇನ್ನಷ್ಟು ಮುಂದ."

ಇನ್ನಷ್ಟು ತಿರುಗಿಸಿದೆ. ಈಗ ಸದ್ದೂ ಇಲ್ಲ.

"ಮುಂದ ಅಂದ್ರ ಹಿಂದಕ್ಕ ಯಾಕ ಹೊಂಟಿ?"

"ಮುಂದನ ತಿರುವೀನಿ ಯಪ್ಪಾ! ನಿನಗ ಕಾಣವಲ್ದೇನು?" ಎಂದು ಸ್ಕ್ರೂಡ್ರೈವರ್ ಎಸೆದೆ. ಅದು ಬಚ್ಚಲಿನ ತನಕ ಹೋಯಿತು.

ಅಪ್ಪ ಪಡಸಾಲೆಯ ಗಡಿಯಾರದ ಕಡೆ ಕೈ ಮಾಡಿದ. "ಅದು ಹ್ಯಾಂಗೈತಿ?"

"ಹತ್ತು ನಿಮಿಷ ಮುಂದ ಐತಿ."

ನನಗೆ ಬಸ್ಸು ತಪ್ಪಬಾರದೆಂದು ಅವನೇ ಇಟ್ಟಿದ್ದು. ನಾನು ದಿನಾ ಹತ್ತು ಕಳೆದು ಲೆಕ್ಕ ಹಾಕಿ, ಕಡೆಗೆ ಓಡುತ್ತಿದ್ದೆ.

"ಮುಂದ ಐತಿ ಅಂದ್ರ ಗ್ವಾಡಿ ಬಿಟ್ಟು ಅಂಗಳಕ್ಕ ಬಂದೈತೇನು? ಲಗೂ ಐತಿ, ಹೊತ್ತಿಗಿಂತ ಮೊದಲ ಐತಿ ಅಂತ. ಕಿಡಿನೂ ಹಂಗ. ಪ್ಲೇಟು ಹಿಂದಕ್ಕ ಸರಿಸಿದ್ರ ಕಿಡಿ ಮುಂದ ಬರತೈತಿ."

ಮಕ್ಕಳಿಗೆ ಹಿಂದೆ ಮುಂದೆ ಕಲಿಸುವವಳಿಗೆ ನಾಚಿಕೆಯಾಯಿತು. ಆದರೂ ಗಡಿಬಿಡಿ ಹೋಗಬೇಕಲ್ಲ. ಈ ಸಲ ಹಿಂದಕ್ಕೆ ಅತಿಯಾಗಿ ಸರಿಸಿದೆ. ಕಿಕ್ಕರ್ ತಿರುಗಿ ಬಂದು ಮೊಣಕಾಲಿನ ಕೆಳಗೆ ಎಲುಬಿಗೇ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅಪ್ಪ ತನ್ನ ಮಂಡಿ ಮರೆತು ಎದ್ದುಬಿಟ್ಟಿದ್ದ.

"ಸಾಕು ಬಿಡವ್ವಾ. ಕೊಟ್ಟು ಬಿಡೂಣು."

ಆಗ ನಿಜವಾಗಿ ಹೆದರಿದೆ. ಕಾಲಿನ ಪೆಟ್ಟಿಗಲ್ಲ, ಗಾಡಿ ಕೈತಪ್ಪೀತೆಂದು.

ಭಾನುವಾರ ಬೆಳಿಗ್ಗೆ ನಾನು ಹಟ ಬಿಡದೆ ಮತ್ತೆ ಕೂತಾಗ ಅಪ್ಪ ಬಯ್ಯುತ್ತಲೇ ಹೇಳಿಕೊಟ್ಟ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಸೈಕಲ್ಲಿನ ಕಡ್ಡಿ ಇಳಿಬಿಟ್ಟು ಪಿಸ್ಟನ್ ಎಲ್ಲಿದೆಯೆಂದು ನೋಡಿ, ಮೇಲೆ ಮುಟ್ಟುವ ತುಸು ಮೊದಲು ಅದನ್ನು ನಿಲ್ಲಿಸಿದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯ ಚೂರನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಿಂದ ಪ್ಲೇಟು ಸರಿಸಬೇಕು. ಹಾಳೆ ಸಡಿಲಾದಲ್ಲಿ ಕಿಡಿ ಹಾರುತ್ತದೆ.

"ಎಳೀಬ್ಯಾಡ. ಹಿಡಕೊಂಡಷ್ಟ ಇರು. ಅದ ಬಿಡತೈತಿ."

ನನ್ನ ಕೈ ಕೇಳಬೇಕಲ್ಲ. ಮೂರು ಹಾಳೆ ಹರಿದೆ. ನಾಲ್ಕನೆಯದು ತಾನಾಗಿ ಜಾರಿ ಬೆರಳಿಗೆ ಬಂತು. ಸ್ಕ್ರೂ ಬಿಗಿದು, ಪ್ಲಗ್ ಕೂಡಿಸಿ ಕಿಕ್ ಹೊಡೆದೆ. ಎರಡನೆಯ ಕಿಕ್ಕಿಗೆ ಗಾಡಿ ಚಾಲೂ ಆಗಿ ನಿಂತಲ್ಲೇ ಹದವಾಗಿ ಸದ್ದು ಮಾಡತೊಡಗಿತು. ಅಷ್ಟರಲ್ಲಿ ಮಿಲ್ಲಿನವರೂ ಬಂದು ಬಾಗಿಲಲ್ಲಿ ನಿಂತಿದ್ದರು.

"ತಪ್ಪು ತಿಳೀಬ್ಯಾಡ್ರಿ ಸಾಹುಕಾರ್ರ, ಗಾಡಿ ಕೊಡಾಂಗಿಲ್ಲ. ಈಗ ಇಕಿ ಮಾಲಕಿ" ಎಂದ ಅಪ್ಪ.

ಸೋಮವಾರ ಗಡಿಯಾರ ನೋಡಿದೆ. ರೂಢಿಯಂತೆ ಹತ್ತು ನಿಮಿಷ ಕಳೆದು ನಿಧಾನಕ್ಕೆ ಜಡೆ ಹೆಣೆಯತೊಡಗಿದೆ.

"ಕಳೀಬ್ಯಾಡ" ಎಂದ ಅಪ್ಪ. "ಸರಿ ಮಾಡಿಟ್ಟೀನಿ. ಇನ್ನ ಬಸ್ಸಿನ ಹಂಗಿಲ್ಲಲ್ಲ."

ಅಂಗಳದ ಕುರ್ಚಿ ಗಡಿಯಾರದ ಕೆಳಗೆ ಬಂದಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಆ ಕಾಲು ತಗೊಂಡು ಕುರ್ಚಿ ಯಾಕ ಹತ್ತಿದಿ ಯಪ್ಪಾ?"

"ನೀ ಹೊಂಡು. ತಡಾ ಆತು."