ಹುಲಿಗೆಮ್ಮತ್ತೆ ಬಿಚ್ಚಿ ನೋಡಿದ ಬಂದೂಕು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಪುಸ್ತಕದ ಮಾತುಗಳು ಬೇಕಾದ ಹೊತ್ತಿಗೆ ಸಿಗುವುದಿಲ್ಲ, ನಾಲ್ಕು ಜನರ ಎದುರು ಬಾಯಿ ತೆರೆಯಲೂ ಬರುವುದಿಲ್ಲ. ಆದರೆ ಇಲ್ಲಿ ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ನ ಕನ್ನಡ ಸಂಘದವರು ನಮ್ಮ ಜನರ ಬಗ್ಗೆ ಬರೆದುಕೊಡಿ ಎಂದಾಗ, ಹುಲಿಗೆಮ್ಮತ್ತೆಯ ಬಗ್ಗೆ ನಾನು ಬರೆಯಬಲ್ಲೆ ಅನ್ನಿಸಿತು. ದಿನವೂ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತೇನೆ. ಕಣ್ಣಾರೆ ನೋಡಿದ್ದನ್ನೂ ಅವರೇ ಹೇಳಿದ್ದನ್ನೂ ಬಿಟ್ಟು ಬೇರೆ ಏನನ್ನೂ ಸೇರಿಸಿಲ್ಲ.

ಅತ್ತೆ ಕೊಪ್ಪಳದ ಕಡೆಯವರು. ನಮಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವರು. ಮದುವೆಯಾಗಿ ವಾಸ್ಕೋಗೆ ಬಂದ ಹೊಸದರಲ್ಲಿ ಮಡಗಾಂವಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆ ತಿಕ್ಕುವ ಕೆಲಸಕ್ಕೆ ಸೇರಿದರು. ಈಗ ಅಂಗಡಿಯ ಶೇಟ್ ಅವರನ್ನು ಕೇಳದೆ ಹಳೆಯ ಬಂದೂಕು ಕೊಳ್ಳುವುದಿಲ್ಲ. ಶೇಟ್ ಪುಸ್ತಕ ನೋಡುತ್ತಾರೆ, ಅತ್ತೆ ಬಂದೂಕು ನೋಡುತ್ತಾರೆ. ಇಬ್ಬರೂ ಒಪ್ಪಿದ ಮೇಲೆ, ಅದು ಎಲ್ಲಿಯದು, ಯಾರದು ಎಂದು ತಿಳಿಸುವ ಚೀಟಿಯೊಂದನ್ನು ಅದಕ್ಕೆ ಕಟ್ಟುತ್ತೇವೆ. ಚೀಟಿ ಬರೆಯುವುದು ನನ್ನ ಕೆಲಸ.

ನಮ್ಮಲ್ಲಿಗೆ ಬರುವ ಬಂದೂಕುಗಳು ಹಾರುವುದಿಲ್ಲ. ನಳಿಗೆಗೆ ಸೀಸ ಹೊಯ್ದು ಮುಚ್ಚಿರುತ್ತಾರೆ, ಠಾಣೆಯ ಕಾಗದವೂ ಇರಬೇಕು. ಇಂಥವನ್ನು ಶೋಕಿಗೆ ಕೂಡಿಡುವವರು ಕಥೆ ಕೇಳಿ ಕೊಳ್ಳುತ್ತಾರೆ. ಅದಕ್ಕೇ ಬಂದೂಕಿಗಿಂತ ಮೊದಲು ಅದರ ಕಥೆ ಅಂಗಡಿಯ ಮೆಟ್ಟಿಲು ಹತ್ತುತ್ತದೆ. ಒಮ್ಮೆ ಒಬ್ಬನೇ ಕಪ್ತಾನನ ಹೆಸರಿನಲ್ಲಿ, ಅವನು ಸಾಯುವಾಗ ಕೈಯಲ್ಲಿ ಹಿಡಿದಿದ್ದು ಎಂದು ಮೂರು ಬಂದೂಕು ಬಂದವು. “ಆ ಮನಿಷ್ಯಾಗ ಎಷ್ಟ ಕೈ ಇದ್ದವೋ ಯವ್ವಾ!” ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆಯ ಪದ್ಧತಿ ಇಷ್ಟು. ತಂದವರಿಗೆ ಚಹಾ ಕೊಟ್ಟು, ಬಂದೂಕು ಮುಟ್ಟದೆ ಕಥೆಯನ್ನೆಲ್ಲ ಕೇಳುತ್ತಾರೆ. ಆಮೇಲೆ, “ಇದನ್ನ ನೀವು ಕಂಡೀರೋ, ಕೇಳೀರೋ?” ಎನ್ನುತ್ತಾರೆ. ಕೇಳಿದ್ದಾದರೆ ಯಾರ ಬಾಯಿಂದ, ಆ ಬಾಯಿಗೆ ಯಾರು ಹೇಳಿದರು, ಬಂದೂಕು ಅಲ್ಲಿಯವರೆಗೆ ಎಲ್ಲಿತ್ತು? ಅದೆಲ್ಲ ಮುಗಿದ ಮೇಲೆ ಸ್ಕ್ರೂ ಬಿಚ್ಚುತ್ತಾರೆ.

ಈ ಸಲದ ಮಳೆಗಾಲ ಶುರುವಾದಾಗ ಕುಡಚಡೆಯಿಂದ ಭೀಮಶಿ ಕಾಕಾ ಬಂದರು. ಅದಿರಿನ ಲಾರಿ ಓಡಿಸುವವರು. ಮೊದಲು ನಮ್ಮ ಓಣಿಯಲ್ಲೇ ಇದ್ದರು. ಅತ್ತೆಗೆ ಒಡಹುಟ್ಟಿದವರಿಲ್ಲ, ತಂದೆ ತಾಯಿಯೂ ಇಲ್ಲ. ಪ್ರತಿ ನಾಗರ ಪಂಚಮಿಗೆ ಅವರನ್ನು ಅಕ್ಕ ಎಂದು ಕರೆದೊಯ್ದು, ಉಂಡಿ ತಿನ್ನಿಸಿ, ಸೀರೆ ಉಡಿಸಿ ಕಳಿಸುವವರು ಈ ಭೀಮಶಿ ಕಾಕಾ. ಅತ್ತೆಗೆ ತವರು ಅಂತ ಇರುವುದು ಅದೊಂದೇ ಮನೆ.

ಕಾಕಾ ಗೋಣಿಚೀಲ ಬಿಚ್ಚಿದರು. “ನೋಡ ಅಕ್ಕಾ, ಹೆಂಗ ಹೊಳೀತೈತಿ!”

“ಹೊಳೀತೈತಿ ಖರೇ. ತಾಮ್ರದ ಕೊಡಾ ಆಗಿದ್ರ ಚಲೋ ಇತ್ತು. ಯಾರೋ ತಿಕ್ಕಿದವರು?”

“ನಾವ. ವರ್ಷಾ ದಸರಾದಾಗ ಖಂಡೇಪೂಜಿಗೆ ಹುಣಸಿಹಣ್ಣು, ಇಟ್ಟಂಗಿ ಪುಡಿ. ಅಪ್ಪ ಇದ್ದಾಗಿಂದ ತಪ್ಪಿಸಿಲ್ಲ.”

“ಪೂಜಿ ಮಾಡಿ ಮಾಡಿ ರಾಜನ ಗುರುತ ಅಳಿಸಿ ಕುಂತೀರಿ,” ಎಂದರು ಅತ್ತೆ. ಕಬ್ಬಿಣದ ಮೇಲೆ ಒತ್ತಿದ್ದ ಕಿರೀಟ ಸವೆದು, ಬೆರಳು ಸವರಿದರೆ ಒಂದಿಷ್ಟು ಉಬ್ಬು ಮಾತ್ರ ಸಿಗುತ್ತಿತ್ತು.

ಕಾಕಾ ಕಥೆ ಹೇಳಿದರು. ಪೋರ್ತುಗೀಸರು ಗೋವಾ ಬಿಟ್ಟ ದಿನ, ವಾಸ್ಕೋ ಬಂದರಿನಲ್ಲಿ ಒಬ್ಬ ಸಿಪಾಯಿ ಇದನ್ನು ಅವರ ತಂದೆ ಶಂಕರಲಿಂಗನ ಕೈಯಲ್ಲಿಟ್ಟು ಹೋದನಂತೆ. “‘ಶಂಕರಲಿಂಗ, ಜ್ವಾಕಿ’ ಅಂದನಂತ.”

“ಕನ್ನಡದಾಗ ಅಂದನೇನು?”

ಕಾಕಾ ನಗಲಿಲ್ಲ. ಬಂದೂಕು ಕೂಡಿಡುವ ಪುಣೆಯವರೊಬ್ಬರು ನಮ್ಮ ಅಂಗಡಿಯಲ್ಲಿ ಅಂಥದೇ ಕೇಳಿದ್ದಾರೆಂದು ಅವರಿಗೆ ಗೊತ್ತಾಗಿತ್ತು. “ಚೀಟ್ಯಾಗ ಅಪ್ಪನ ಹೆಸರ ಇರಬೇಕು, ಸಿಪಾಯಿ ಕೈಯಾರೆ ಕೊಟ್ಟದ್ದೂ ಇರಬೇಕು. ದೊಡ್ಡವರ ಮನ್ಯಾಗ ಅಪ್ಪನ ಹೆಸರ ಉಳೀಲಿ. ಅಷ್ಟ ನನ್ನ ಆಸೆ, ಅಕ್ಕಾ.”

ಅತ್ತೆ ಸ್ಕ್ರೂ ಬಿಚ್ಚಿ ಮರವನ್ನು ಬೇರೆ ಮಾಡಿದರು. ಮರ ಮುಚ್ಚಿದ್ದ ಕಡೆ ಹುಣಸೆಹಣ್ಣು ತಾಗಿರಲಿಲ್ಲ. ಅಲ್ಲಿ ಪುಟ್ಟ ಕಿರೀಟವೂ ನಂಬರೂ ನಿಚ್ಚಳವಾಗಿದ್ದವು. ಆದರೆ ಗುಂಡನ್ನು ಒಳಗೆ ತಳ್ಳುವ ಬೋಲ್ಟಿನ ಮೇಲಿದ್ದ ನಂಬರು ಬೇರೆ. ಎರಡು ಬಂದೂಕು ಸೇರಿಸಿ ಒಂದು ಮಾಡಿದ್ದರು. ಸಿಪಾಯಿ ದಿನವೂ ಹೊರುವ ಬಂದೂಕನ್ನು ಹಾಗೆ ಬಿಡುವುದು ಕಡಿಮೆ ಎಂದು ಅತ್ತೆ ನನಗೆ ಮೆಲ್ಲಗೆ ಹೇಳಿದರು. ಮರದ ಒಂದು ಬದಿಯಲ್ಲಿ ಮೇಣ ತುಂಬಿದ ಎರಡು ತೂತುಗಳಿದ್ದವು. ಅವುಗಳ ಸುತ್ತ, ಪಟ್ಟಿ ಬಿಗಿದು ಮುಚ್ಚಿದ್ದಷ್ಟು ಜಾಗ ಮಾತ್ರ ಕಪ್ಪಗೆ ಉಳಿದಿತ್ತು, ಉಳಿದ ಮರವೆಲ್ಲ ಬೆಳಕಿಗೆ ಮಾಸಿತ್ತು. ಶೇಟ್ ಪುಸ್ತಕ ತಂದು ನೋಡಿ, ಇದು ಅಜ್ಜನ ಕಾಲದ್ದು, ಗೋವಾ ಬಿಟ್ಟುಹೋದ ಕೊನೆಯ ಸಿಪಾಯಿಗಳ ಕೈಯಲ್ಲಿ ಇದಕ್ಕಿಂತ ಹೊಸದಿರುತ್ತಿತ್ತು ಎಂದರು.

“ಇದು ಭಾಳ ವರ್ಷ ಗೋಡಿಗೆ ತೂಗಿದ್ದು,” ಎಂದರು ಅತ್ತೆ. “ಬಂದೂಕ ಅರ್ಧಾ ಹೇಳೈತಿ. ಉಳಿದದ್ದ ನಿಮ್ಮವ್ವನ್ನ ಕೇಳೂಣು.”

“ಅವ್ವಗೇನ ಗೊತ್ತು ಬಂದೂಕಿನದು?”

“ಕೇಳೂಣಲಾ.”

ಭಾನುವಾರ ನಾವು ರೈಲಿನಲ್ಲಿ ಕುಡಚಡೆಗೆ ಹೋದೆವು. ಕಾಕಾನ ತಾಯಿ ಸಾವಂತ್ರೆವ್ವಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅತ್ತೆ ತಾವೂ ಒಂದು ಹಿಡಿ ಅಕ್ಕಿ ಎಳೆದುಕೊಂಡು ಕೂತರು. ಬಂದೂಕಿನ ಮಾತು ಎತ್ತಲೇ ಇಲ್ಲ.

“ಯವ್ವಾ, ನೀವು ಗೋವಾಕ್ಕ ಬಂದದ್ದು ಯಾವಾಗ?”

“ಮದಿವ್ಯಾಗಿ ಬಂದೆ. ನಮ್ಮವರೂ ನಾನೂ ಕೂಡೇ ಬಂದ್ವಿ, ಒಂದ ಟ್ರಂಕ ಹೊತಗೊಂಡು. ಫಿರಂಗ್ಯಾರು ಹೋಗಿ ಎರಡ ದೀಪಾವಳಿ ಆಗಿದ್ದವು.”

ಕಾಕಾ ಬಾಗಿಲಲ್ಲೇ ನಿಂತುಬಿಟ್ಟರು. “ಹಂಗಾರ ಅಪ್ಪಗ ಬಂದೂಕ ಕೊಟ್ಟ ಸಿಪಾಯಿ?”

“ಯಾವ ಸಿಪಾಯಿನೋ? ಅದು ಬಂದರದ ಹಳೇ ಆಫೀಸ ಕೆಡವೂ ಮುಂದ ಗೋಡಿಮ್ಯಾಗ ಇತ್ತು. ಕೂಲ್ಯಾರ ಮುಕಾದಮ ಒಯ್ಯೋ ಅಂದ, ನನ್ನ ಕಣ್ಣ ಮುಂದ ನಮ್ಮವರು ಒಯ್ದ್ರು. ಎಷ್ಟ ವರ್ಷ ನಾ ಅದರ ಮ್ಯಾಲ ಸೀರಿ ಒಣಗಹಾಕೇನಿ! ಸಿಪಾಯಿನ್ನ ನಿಮ್ಮಪ್ಪನ ತಮ್ಮ ಹುಟ್ಟಿಸಿದ, ಯಾರದೋ ಮದಿವ್ಯಾಗ ಉಂಡು ಕುಂತು.”

“ಇಷ್ಟ ವರ್ಷ ಯಾಕ ಹೇಳಲಿಲ್ಲಬೇ?”

“ಯಾರ ಕೇಳಿದ್ರೋ ನನ್ನ?”

ಸ್ಟೇಷನ್ನಿನವರೆಗೆ ಕಾಕಾ ನಮ್ಮೊಂದಿಗೆ ಬಂದರು. ರೈಲು ಬರುವ ಹೊತ್ತಿಗೆ ಬಾಯಿ ಬಿಟ್ಟರು. “ಅಕ್ಕಾ, ಸಿಪಾಯಿ ಇರಲಿ ಬಿಡು. ಪುಣೆದಾಂವ ಇಲ್ಲಿಗೆ ಬಂದು ಅವ್ವನ್ನ ಕೇಳತಾನೇನು?”

“ಅಂವ ಕೇಳಂಗಿಲ್ಲ. ನಾ ಕೇಳೇನಲ್ಲ.”

“ಹಂಗಾರ ಪಂಚಮಿಗೆ ನನ್ನ ದಾರಿ ನೋಡಬ್ಯಾಡ.”

ಅತ್ತೆ ಸೆರಗು ಸಿಕ್ಕಿಸಿಕೊಂಡು ರೈಲಿನ ಕಡೆ ನಡೆದರು. ರೈಲು ಹತ್ತಿ ಕೂತ ಮೇಲೆ ನನ್ನ ಕಡೆ ತಿರುಗಿ, “ಬೋಲ್ಟಿನ ನಂಬರ ಸರಿಯಾಗಿ ಬರಕೊಂಡಿಯಿಲ್ಲ?” ಎಂದರು. ಮರುದಿನ ನನ್ನಿಂದ ಚೀಟಿ ಬರೆಸಿದರು. ಕಿರೀಟ, ಹೊಂದದ ನಂಬರು, ಗೋಡೆಗೆ ಬಿಗಿದಿದ್ದ ತೂತು, ಬಂದರಿನ ಆಫೀಸು ಕೆಡವುವಾಗ ಶಂಕರಲಿಂಗ ತಂದದ್ದೆಂದು ಹೆಂಡತಿ ಕಂಡು ಹೇಳಿದ ಮಾತು, ಖಂಡೇಪೂಜೆಯಲ್ಲಿ ತಿಕ್ಕಿದ್ದು. ಶಂಕರಲಿಂಗನ ಹೆಸರನ್ನು ದಪ್ಪಗೆ ಬರೆ ಎಂದರು. ಕಾಕಾ ಬಂದು, ಚೀಟಿ ಓದಿ, ಬಂದೂಕನ್ನೂ ಚೀಟಿಯನ್ನೂ ಎತ್ತಿಕೊಂಡು ಹೋದರು. ಅತ್ತೆಯ ಮುಖ ನೋಡಲಿಲ್ಲ.

ಪಂಚಮಿಯ ಮುನ್ನಾದಿನ ಮಧ್ಯಾಹ್ನ ಓಣಿಯಲ್ಲಿ ಬೈಕು ನಿಂತಿತು. ಕಾಕಾ ರೇನ್‌ಕೋಟ್ ಕಳಚದೆ ಹೊಸ್ತಿಲಲ್ಲೇ ನಿಂತು ಹೇಳಿದರು: “ಅಕ್ಕನ್ನ ಕರಕೊಂಡ ಬರದಿದ್ರ ಉಂಡಿ ಕಟ್ಟಂಗಿಲ್ಲ ಅಂತ ಅವ್ವ ಹಟಾ ಹಿಡದಾಳ.”

“ಅವ್ವ ಕರದಾಳ. ನೀ ಏನಂತಿ?”

“ನಾ ಬಂದೇನಲ್ಲ,” ಎಂದು ಕಾಕಾ ನೆಲ ನೋಡಿದರು. “ಬಂದೂಕ ಮಾರಂಗಿಲ್ಲ. ಚೀಟಿ ಸಮೇತ ನಮ್ಮ ಗೋಡಿಗೇ ತೂಗಹಾಕೇನಿ. ಕೇಳಿದವರಿಗೆ ಅಪ್ಪ ಆಫೀಸ ಕೆಡವಿ ತಂದದ್ದು ಅಂತೇನಿ. ಅದಕ್ಕ ಅಪ್ಪನ ತಮ್ಮ ಮಾರಿ ಊದಿಸ್ಯಾನ.”

“ಊದಸ್ಲಿ. ಉಂಡಿ ತಿಂದ್ರ ಇಳೀತೈತಿ,” ಎಂದು ಅತ್ತೆ ಒಳಗಿನಿಂದ ಚೀಲ ತಂದರು. ಅದನ್ನು ಬೆಳಿಗ್ಗೆಯೇ ಕಟ್ಟಿಟ್ಟಿದ್ದರು.

ಅತ್ತೆ ಸೋಮವಾರ ತವರಿನಿಂದ ಮರಳುತ್ತಾರೆ. ಚಾಂದೋರಿನ ಒಂದು ಮನೆಯಿಂದ ಇನ್ನೊಂದು ಬಂದೂಕು ಬಂದು ಅಂಗಡಿಯಲ್ಲಿದೆ, ಯಾರೋ ಸೇನಾಪತಿಯದಂತೆ. ತಂದವರ ಕಥೆಯನ್ನು ಅತ್ತೆ ಆಗಲೇ ಕೇಳಿಕೊಂಡಿದ್ದಾರೆ. ನಾಳೆ ನಾನೊಬ್ಬಳೇ ಬೆಳಗಿನ ಬಸ್ಸಿಗೆ ಮಡಗಾಂವಿಗೆ ಹೋಗಿ, ಅದರ ಸ್ಕ್ರೂ ಬಿಚ್ಚಿ, ನಂಬರುಗಳನ್ನು ಬರೆದಿಡುತ್ತೇನೆ.